ಸ್ವರವಿಲ್ಲದ ಕಲ್ಲು

ಆಯಿರ್ ಬೆಟ್ಟಗಳಲ್ಲಿ ಬಾವಿ ಎಣಿಸುವ ಕೆಲಸ ನನ್ನದು.
ಹದಿನೇಳನೆಯದರ ಪಕ್ಕ ಒಂದು ಕಪ್ಪು ಬಂಡೆ,
ಮೈತುಂಬ ಕುಟ್ಟಿ ಮೂಡಿಸಿದ ಗೀಟು, ಚುಕ್ಕೆ, ಸೊನ್ನೆ.
ಗೈಷಾ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಓದುತ್ತಾಳೆ,
ಹಳೆಯ ಹೊಲಿಗೆ ಬಿಚ್ಚಿದ ಹಾಗೆ:
ನಾನು ಅಖ್ಮುದು, ಹೇಳುತ್ತಿದ್ದೇನೆ.
ಆಮೇಲೆ ಎರಡೇ ಅಕ್ಷರ. ಬೆರಳು ನಿಲ್ಲುತ್ತದೆ.

ಒಂದು, ಮುಂಬದಿ ತೆರೆದ ಗುಡಾರ: ಮ್.
ಇನ್ನೊಂದು, ನೆಟ್ಟ ಗೂಟ: ನ್.

ಅಮನ್ ಎಂದರೆ ನೀರು.
ಇಮನ್ ಎಂದರೆ ಪ್ರಾಣ.
ಕಲ್ಲಿಗೆ ಎರಡೂ ಒಂದೇ.

ಸ್ವರ ಬರೆಯುವುದಿಲ್ಲವೇ ನೀವು, ಎಂದು ಕೇಳಿಸಿದೆ.
ಡ್ರೈವರ್ ಕೇಳಿದ. ಅವಳು ನಕ್ಕಳು:
ಮತ್ತೆ ಬಾಯಿ ಇರುವುದು ಯಾತಕ್ಕೆ?

ತಲೆಕಟ್ಟು ಇಲ್ಲಿ ಗಂಡಸರದು, ಹತ್ತು ಮೊಳ, ನೀಲಿ.
ಕೊಂಬು ಆಡಿನದು.
ಗುಡಿಸುವುದೆಲ್ಲ ಗಾಳಿಯ ಪಾಲು.
ದೀರ್ಘ, ಸಂಜೆ ಹೊತ್ತು ಒಂಟೆಯ ನೆರಳಿಗೆ.
ಅಕ್ಷರಗಳಿಗೆಂದು ಏನೂ ಉಳಿದಿಲ್ಲ.

ನನ್ನ ಪುಸ್ತಕದಲ್ಲಿ ಮ ಬರೆದೆ.
ಬರೆದದ್ದೇ ತಡ, ಉಸಿರಾಡಿಬಿಟ್ಟಿತು.
ನಮ್ಮ ಅಕ್ಷರ ಹುಟ್ಟುವಾಗಲೇ ಬಾಯಿ ತೆರೆದಿರುತ್ತದೆ,
ಸುಮ್ಮನಿರಿಸಲು ತಲೆಯ ಮೇಲೊಂದು ಕೊಕ್ಕೆ ಹಾಕಬೇಕು.
ಹಾಕಿದೆ. ಆದರೆ ಅದರ ಹಿಂದೆ
ಅ ಇಡಲೋ, ಇ ಇಡಲೋ?
ಪೆನ್ಸಿಲ್ಲಿನ ಮೊನೆ ಅಲ್ಲೇ ಒತ್ತಿ ಒತ್ತಿ ಮುರಿಯಿತು.

ಬಿಲ್ಮಾದ ಉಪ್ಪಿಗೆಂದು ಹೋದವನು ಅಣ್ಣ.
ಆಗ ಇವಳ ಹಾಲುಹಲ್ಲು ಬಿದ್ದಿರಲಿಲ್ಲ.

ಮೊಮ್ಮಗಳು ರಖ್ಮತಾ ಅವೇ ಎರಡನ್ನು ಮರಳಲ್ಲಿ ಗೀಚಿ
ಬಲದಿಂದ ನೋಡಿದಳು, ಎಡದಿಂದ ನೋಡಿದಳು,
ಯಾವುದಜ್ಜಿ?
ನೀರು, ಎಂದಳು ಗೈಷಾ.
ಮಗುವಿನ ಮುಂದೆ ನೀರು.
ನಾನೂ ನೀರೆಂದೇ ಬರೆದುಕೊಂಡು
ಹಗ್ಗ ಇಳಿಬಿಟ್ಟೆ. ನಲವತ್ತೊಂದು ಮೀಟರ್.
ಮೇಲೆ ಬಂದ ತುದಿಯಲ್ಲಿ ಧೂಳು.

ಇನ್ನೊಂದು ಹೇಳಬೇಕು. ಅವರ ನುಡಿಯಲ್ಲಿ
ಇಲ್ಲ ಎಂದರೆ ಇದೆ, ಇದ್ದಾನೆ.
ನನ್ನ ಕಿವಿ ಇದಕ್ಕೆ ಇನ್ನೂ ಪಳಗಿಲ್ಲ.
ಮೊದಲ ವಾರ ಅಗದೆಸ್‌ನಲ್ಲಿ, ಅಂಗಡಿಯವನು
ಸಕ್ಕರೆಗೆ ಇಲ್ಲ ಅಂದ. ಎದ್ದು ನಡೆದುಬಿಟ್ಟೆ.
ಡಬ್ಬ ಹಿಡಿದು ಬೀದಿಯುದ್ದ ಹಿಂದೆ ಓಡಿ ಬಂದಿದ್ದ, ಪಾಪ.

ಜೀಪು ಹತ್ತುವ ಮುಂಚೆ ಕೇಳಿದೆ: ಅಖ್ಮುದು, ಈಗ...
ಡ್ರೈವರ್ ಟೈರು ನೋಡುತ್ತ ನಿಂತ, ತರ್ಜುಮೆ ಮಾಡಲಿಲ್ಲ.
ಹೆಸರೊಂದೇ ಸಾಕಾಯಿತು ಅವಳಿಗೆ.
ಬಟ್ಟೆಯ ತುದಿಯಿಂದ ಬಂಡೆ ಒರೆಸುತ್ತ
ಇಲ್ಲ, ಎಂದಳು.

ಬರೆದರೆ ಅದು
ಪಕ್ಕಪಕ್ಕದಲ್ಲಿ ಎರಡು ಗೀಟು, ಅಷ್ಟೇ.