ಗೇಟು ಬಿದ್ದಾಗ

ಅಶೋಕ ರಸ್ತೆಯ ರೈಲ್ವೆ ಗೇಟು
ನನ್ನ ಮೂಗಿನ ಮುಂದೆಯೇ ಬಿತ್ತು.
ಬ್ಯಾಂಕು ಮುಚ್ಚಲು ಹತ್ತೇ ನಿಮಿಷ;
ಬೈದರೆ ರೈಲಿಗೆ ಕಿವಿಯಿಲ್ಲ.

ಪಕ್ಕದ ಟಿವಿಎಸ್ ಮೇಲೆ
ಆನೆಗಾತ್ರದ ಮಂಡಕ್ಕಿ ಚೀಲ,
ಅದರಾಚೆ ಎಲ್ಲೋ ಒಬ್ಬ ಮನುಷ್ಯ.

ಗೂಡ್ಸ್ ಬಂತು.
ಎಣಿಸಬಾರದು ಅಂದುಕೊಳ್ಳುತ್ತಲೇ
ಎಣಿಸತೊಡಗಿದೆ,
ಐದನೇ ಕ್ಲಾಸಿನಲ್ಲಿ ಬಿಟ್ಟಲ್ಲಿಂದ.

ಕೊನೆಯ ಡಬ್ಬಿ ದಾಟಿದಾಗ
ಬಾಯಿಂದ ಜಾರಿತು: ಐವತ್ತೆಂಟು.
"ಅಲ್ಲ ಮೇಡಂ, ಐವತ್ತೊಂಬತ್ತು,"
ಅಂತು ಮಂಡಕ್ಕಿ ಚೀಲ.

ಗೇಟು ಎದ್ದಿತು. ಹಾರನ್ನು, ಹೊಗೆ, ನೂಕು.
ನಾವಿಬ್ಬರೂ ಇನ್ನೂ
ಗಾರ್ಡಿನ ಡಬ್ಬಿ ಲೆಕ್ಕಕ್ಕುಂಟೋ ಇಲ್ಲವೋ ಅಂತ
ಜಗಳದಲ್ಲೇ ಹಳಿ ದಾಟಿದೆವು.

ಬ್ಯಾಂಕು ಮುಚ್ಚಿತ್ತು.
"ನಾಳೆ ಬರ್ರಿ," ಅಂದ ಕಾವಲಿನವ.
ನಗುತ್ತಲೇ ಮೆಟ್ಟಿಲಿಳಿದೆ.

ಐವತ್ತೊಂಬತ್ತೇ ಇರಬಹುದು.