ಕೆಂಪು ಎಳೆ

ಶುಕ್ರವಾರ ರಾತ್ರಿ ಒಂಬತ್ತೂವರೆಗೆ
ಬಂದ್ಯೋಡಿನ ನಮ್ಮ ಜಗಲಿಯಲ್ಲಿ ಕೊಲೆ.
ಮೊದಲು ಬಾಗಿಲು ಕಿರ್ರೆನ್ನುವುದು,
ಆಮೇಲೆ ಬೂಟಿನ ಸದ್ದು, ಗಡಿಯಾರದ ಹನ್ನೆರಡು,
ಏಳು ಹೆಂಗಸರ ಕತ್ತರಿ ಒಟ್ಟಿಗೇ ನಿಲ್ಲುವುದು.
ಕೂಗು ಮುಗಿದದ್ದೇ
ಮತ್ತೆ ಎಲೆ ಕತ್ತರಿಸುವ ಕಚಕಚ.
ಸಾವಿರ ಬೀಡಿ ಆಗದೆ ಯಾರ ಹೆಣಕ್ಕೂ ಅಳುವಂತಿಲ್ಲ.

ನನಗೆ ಒಂಬತ್ತು ವರ್ಷ. ನೂಲು ಸುತ್ತುವ ಕೆಲಸ.
ರೇಡಿಯೋದ ಕಿವಿ ಹಿಂಡುವ ಕೆಲಸವೂ ನನ್ನದೇ:
ಕೂದಲೆಳೆಯಷ್ಟು ಆಚೆ ಹೋದರೆ ಕೋಝಿಕ್ಕೋಡು,
ಈಚೆ ಬಂದರೆ ಬರೀ ಕಡಲು.
ನಡುವೆ ಎಲ್ಲೋ ಪತ್ತೇದಾರ ಶ್ರೀಕಂಠಯ್ಯ
ಕೆಮ್ಮಿ, ಕುರ್ಚಿ ಎಳೆದು ಕೂತು
"ಯಾರೂ ಜಾಗ ಬಿಟ್ಟು ಕದಲಬೇಡಿ" ಎನ್ನುತ್ತಿದ್ದ.

"ಅಡಿಗೆಯವನೇ" ಎಂದು ನಬೀಸ ಐದು ಬೀಡಿ ಒಡ್ಡಿದಳು.
"ಅಲ್ಲ ಮಾರಾಯ್ತಿ, ತಮ್ಮ." ದೇಯಿಯ ಹತ್ತು.
ಪೊನ್ನಕ್ಕ ಎಲೆಯಿಂದ ತಲೆ ಎತ್ತದೆ
"ಮೆತ್ತಗೆ ಮಾತಾಡುವವ ಯಾರು ನೋಡಿ" ಅಂದಳು.
"ಕೊಲೆಗಾರನ ಹೆಸರು..." ಎಂದ ಶ್ರೀಕಂಠಯ್ಯ.
ಆಗ ನುಗ್ಗಿತು ಮಲಯಾಳ:
ಕೊಚ್ಚಿಯಲ್ಲಿ ಕೊಬ್ಬರಿ ಇಷ್ಟು, ಆಲಪ್ಪುಝದಲ್ಲಿ ಮೆಣಸು ಅಷ್ಟು.
ನಾನು ತಿರುಪಿದ್ದು ತಿರುಪಿದ್ದೇ.
ಸಿಕ್ಕಿದಾಗ ಕೊನೆಯ ವಾದ್ಯ.
ಪಣಕ್ಕಿಟ್ಟ ಬೀಡಿ ಅವರವರ ತಟ್ಟೆಗೇ ಮರಳಿದವು.

ಶನಿವಾರ ಮೋನಪ್ಪನ ಬ್ರಾಂಚು.
ಅವನು ಯಾರಿಗೂ ಗದರಿದ್ದಿಲ್ಲ.
ಕಟ್ಟು ಬಿಚ್ಚಿ, ಹೂ ಆರಿಸಿದ ಹಾಗೆ ಆರಿಸಿ,
"ಇದು ಸಣ್ಣ ಆಯ್ತಲ್ಲ ತಂಗೀ, ಇದರ ತುದಿ ಬಿಚ್ಚಿದೆ"
ಮೆತ್ತಗೆ, ಮೆತ್ತಗೆ,
ಸಾವಿರಕ್ಕೆ ಎಂಬತ್ತು ಬದಿಗೆ.
ಅದಕ್ಕೆ ಕಾಸಿಲ್ಲ. ಅದು ಎಲ್ಲಿಗೆ ಹೋಗುತ್ತದೆಂದು
ಕೇಳುವ ರೂಢಿಯೂ ಇಲ್ಲ.

ಮುಂದಿನ ವಾರ ಪೊನ್ನಕ್ಕ ನನ್ನ ಜಡೆಯ ರಿಬ್ಬನ್ನಿನಿಂದ
ಕೆಂಪು ಎಳೆ ಒಂದೊಂದೇ ಕಿತ್ತಳು.
ಬೇಕೆಂದೇ ಕೆಡಿಸಿದ ಇಪ್ಪತ್ತು ಬೀಡಿಯ ಹೊಟ್ಟೆಗೆ
ಹೊಗೆಸೊಪ್ಪಿನ ಜತೆ ಅದನ್ನೂ ಸುತ್ತಿದಳು.
ಹದಿನೈದನೇ ದಿನ, ಉಪ್ಪಳದ ಗೂಡಂಗಡಿಯಲ್ಲಿ,
ಬೀಡಿ ಸೇದದ ಹೆಂಗಸು ಮೂರು ಕಟ್ಟು ಕೊಂಡಳು.

ಮತ್ತೆ ಶನಿವಾರ. ಎಲೆ ತೂಗುವ ತಕ್ಕಡಿಯ ಪಕ್ಕ
ನಾಲ್ಕು ಬೀಡಿ ಸೀಳಿ ಇಟ್ಟು, ಕೆಮ್ಮಿದಳು.
ಕುರ್ಚಿ ಇರಲಿಲ್ಲ; ನಿಂತೇ ಹೇಳಿದಳು:
"ಯಾರೂ ಜಾಗ ಬಿಟ್ಟು ಕದಲಬೇಡಿ."
ದೇಯಿಗೆ ನಗು ತಡೆಯಲಿಲ್ಲ.
ಮೋನಪ್ಪ ಎಳೆ ನೋಡಿದ, ನನ್ನ ಜಡೆ ನೋಡಿದ,
ಆಮೇಲೆ ಬಾಯಿ ತೆರೆದ,
ಮಲಯಾಳದಲ್ಲಿ.
ಇಪ್ಪತ್ತು ವರ್ಷ ನಮ್ಮ ಜತೆ ಕನ್ನಡ ಆಡಿದವ
ಗಡಗಡ, ನಿಲ್ಲದೆ, ವಾರ್ತೆಯ ಹಾಗೆ.
ನನ್ನ ಬೆರಳು ತಾನಾಗಿ ಗಾಳಿಯಲ್ಲಿ ತಿರುಪಿತು.
ಆದರೆ ಈ ಸಲ ನಬೀಸ ಇದ್ದಳು.
ಅದೇ ಭಾಷೆಯಲ್ಲಿ, ಅವನಿಗಿಂತ ಚಂದ ಕೇಳಿದಳು:
ಒಟ್ಟು ಎಷ್ಟಾಯಿತು?

ಅಂದಿನಿಂದ ಬದಿಗಿಟ್ಟ ಬೀಡಿಯನ್ನು
ನಮ್ಮೆದುರೇ ಮುರಿಯಬೇಕೆಂದಾಯಿತು.
ಪೊನ್ನಕ್ಕನಿಗೆ ಆರು ವಾರ ಎಲೆ ಸಿಗಲಿಲ್ಲ.
ಶುಕ್ರವಾರ ಬರುತ್ತಿದ್ದಳು, ಬರಿಗೈಯಲ್ಲಿ ಕೂತು
ಕೊಲೆ ಕೇಳಿ ಹೋಗುತ್ತಿದ್ದಳು.

ಆ ನಾಟಕವನ್ನು ಪುತ್ತೂರಿನಲ್ಲಿ ಸರಿಯಾಗಿ ಕೇಳಿದ್ದ ಒಬ್ಬರನ್ನು
ಮೊನ್ನೆ ವಿಚಾರಿಸಿದೆ, ಕೊಲೆಗಾರ ಯಾರೆಂದು.
"ಎಂತದಾ... ಡಾಕ್ಟರಾ? ನೆನಪಿಲ್ಲಪ್ಪ" ಅಂದರು.
ಅದರಲ್ಲೊಬ್ಬ ಡಾಕ್ಟರಿದ್ದನೆಂಬುದೇ
ನಮಗೆ ಗೊತ್ತಿರಲಿಲ್ಲ.