ಬಾಗಿಲ ಹಿಂದಿನ ದರ

ಸರಸ್ವತಿಪುರಂ ಏಳನೇ ಮೇನಿನ ನಮ್ಮ ಹಿತ್ತಿಲ ಕೋಣೆಗೆ
ಶಿರಾಜಿನಿಂದ ಓದಲು ಬಂದವನು ಬೆಹ್ರೂಜ್.
ಬಾಡಿಗೆ ನೂರಿಪ್ಪತ್ತು. ಕರೆಂಟು ಬೇರೆ.

ಹಾಲಿನ ಲೆಕ್ಕದ ಪಕ್ಕ, ಬಾಗಿಲ ಹಿಂದೆ,
ಅಮ್ಮ ಪೆನ್ಸಿಲಿನಲ್ಲಿ ಬರೆದಳು:
ರೂಪಾಯಿಗೆ ಎಂಟೂವರೆ ರಿಯಾಲು.
ಅವನೇ ಹೇಳಿದ ದರ,
ಮೊಸರಿಗೆ ಒಣಪುದೀನ ಉದುರಿಸುತ್ತಾ.

ಆಮೇಲೆ ಅವನ ದೇಶದಲ್ಲಿ ಏನೇನೋ ಆಯಿತು.
ಡ್ರಾಫ್ಟು ಬರಲಿಲ್ಲ.
ರಾತ್ರಿಯೆಲ್ಲ ರೇಡಿಯೋಗೆ ಕಿವಿಗೊಟ್ಟು ಕೂತಿರುತ್ತಿದ್ದ.
ಹತ್ತಂತೆ, ಹದಿನೈದಂತೆ, ಮೂವತ್ತಂತೆ,
ಬ್ಯಾಂಕಿನಲ್ಲೊಂದು, ಬೀದಿಯಲ್ಲೊಂದು.
ಅಮ್ಮ ಮಾತ್ರ ಅಳಿಸಲಿಲ್ಲ.
"ಬಂದ ದಿನದ ಮಾತು ಅದು" ಅಂದಳು,
ಸಾರಿಗೆ ಇನ್ನೊಂದು ಚೆಂಬು ನೀರು ಬೆರೆಸಿ.

ಒಂಬತ್ತು ತಿಂಗಳು, ಒಂಬತ್ತು ಗೀಟು.
ಹೊರಟುಹೋದ.

ಕಳೆದ ಜೂನಿನಲ್ಲಿ ಯಾರದೋ ಕೈಯಲ್ಲಿ ಒಂದು ಲಕೋಟೆ.
ಎಣಿಸಿದೆ: ಒಂಬತ್ತು ಸಾವಿರದ ನೂರ ಎಂಬತ್ತು ರಿಯಾಲು.
ಕೊನೆಯ ಎಂಬತ್ತಕ್ಕೆ ಇಪ್ಪತ್ತರ ನಾಲ್ಕು ಹಳೇ ನೋಟು,
ಎಲ್ಲಿ ಹುಡುಕಿದನೋ.
ಇವತ್ತಿನ ದರಕ್ಕೆ ಎಲ್ಲ ಸೇರಿ ಒಂದು ಬೆಂಕಿಪೊಟ್ಟಣ ಬರದು.

ಅಮ್ಮ ಕನ್ನಡಕ ಹಾಕಿ, ಬೆರಳಿಗೆ ಎಂಜಲು ಹಚ್ಚಿ
ತಾನೂ ಎಣಿಸಿದಳು.
ಬಾಗಿಲ ಹಿಂದೆ ಈಗ ಮೂರು ಪದರ ಡಿಸ್ಟೆಂಪರು.
ಅದರ ಮೇಲೆ, ಅಂದಾಜಿನಲ್ಲೇ, ಉದ್ದಕ್ಕೆ ಒಂದು ಅಡ್ಡಗೀಟು ಎಳೆದು
"ಕರೆಂಟಿನದು ಬಿಟ್ಟಿದ್ದಾನೆ" ಅಂದಳು.